ಐದು ನಿಮಿಷದ ಸಿಗ್ನಲ್ ಹಿಡಿಯುವ ಕೆಲಸ

ಫಾಸ್ಫೋ-ಎರ್ಕ್ ಬ್ಲಾಟ್, ಅಂದರೆ ಕೋಶದ ಎರ್ಕ್ ಎಂಬ ಪ್ರೋಟೀನಿಗೆ ಎಷ್ಟು ಫಾಸ್ಫೇಟ್ ಅಂಟಿದೆ ಎಂದು ಆಂಟಿಬಾಡಿಯಿಂದ ಗುರುತಿಸಿ ಬ್ಯಾಂಡ್ ಆಗಿ ತೋರಿಸುವ ಪರೀಕ್ಷೆ, ಕೈಕೊಟ್ಟಾಗ ಎಲ್ಲರೂ ಮೊದಲು ಬೈಯುವುದು ಆಂಟಿಬಾಡಿಯನ್ನು. ಹೊಸ ಬಾಟಲಿ ತರಿಸುತ್ತೇವೆ, ಡೈಲ್ಯೂಷನ್ ಬದಲಿಸುತ್ತೇವೆ, ಇನ್ನೊಂದು ರಾತ್ರಿ ನೆನೆಸಿಡುತ್ತೇವೆ. ಬ್ಯಾಂಡ್ ಮಾತ್ರ ಹಾಗೇ ಅಡ್ಡಾದಿಡ್ಡಿಯಾಗಿ ಬರುತ್ತದೆ. ಆಂಟಿಬಾಡಿಯ ತಪ್ಪು ಇರುವುದು ಅಪರೂಪ. ಪ್ಲೇಟು ಇನ್ಕ್ಯುಬೇಟರಿನಿಂದ ಹೊರಬಂದು ಕೋಶ ಒಡೆಯುವ ಲೈಸಿಸ್ ಬಫರ್ ಮೈಮೇಲೆ ಬೀಳುವ ತನಕದ ಎರಡು-ಮೂರು ನಿಮಿಷದಲ್ಲೇ ಕೆಲಸ ಕೆಟ್ಟಿರುತ್ತದೆ. ಜೆಲ್, ಮೆಂಬ್ರೇನ್, ಕ್ಯಾಮೆರಾ ಇವೆಲ್ಲ ಆ ಕೆಟ್ಟದ್ದನ್ನೇ ಮರುದಿನ ನಿಷ್ಠೆಯಿಂದ ತೋರಿಸುತ್ತವೆ, ಅಷ್ಟೆ.

ಎರ್ಕ್ ಎಂಬುದು ಕೋಶದೊಳಗೆ ಸಂದೇಶ ಸಾಗಿಸುವ ಪ್ರೋಟೀನುಗಳ ಒಂದು ಉದ್ದ ಸರಪಳಿಯ ಕೊನೆಯ ಕೊಂಡಿ. ಹೊರಗಿನ ಬೆಳವಣಿಗೆಯ ಸಂದೇಶ ಗ್ರಾಹಕಕ್ಕೆ ತಾಗಿದರೆ ರಾಸ್ ಎಚ್ಚರಗೊಳ್ಳುತ್ತದೆ. ರಾಸ್ ರಾಫನ್ನು ಎಬ್ಬಿಸುತ್ತದೆ, ರಾಫ್ ಮೆಕ್ಕನ್ನು, ಮೆಕ್ ಎರ್ಕನ್ನು. ಕೊನೆಯ ಹೆಜ್ಜೆಯಲ್ಲಿ ಮೆಕ್ ಎರ್ಕಿನ ಎರಡು ಜಾಗಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಎರ್ಕಿನಲ್ಲಿ ಎರಡು ಬಗೆ; ಮನುಷ್ಯನ ಎರ್ಕ್1ರಲ್ಲಿ ಆ ಜಾಗಗಳು 202ನೆಯ ಥ್ರಿಯೋನಿನ್ ಮತ್ತು 204ನೆಯ ಟೈರೋಸಿನ್ ಎಂಬ ಅಮೈನೋ ಆಮ್ಲಗಳು. ಎರ್ಕ್2ರಲ್ಲಿ 185 ಮತ್ತು 187. ಎರಡೂ ಅಂಟಿದರೆ ಮಾತ್ರ ಎರ್ಕ್ ಪೂರ್ತಿ ಚುರುಕು. ಅತ್ತ ಫಾಸ್ಫಟೇಸ್ ಎಂಬ ಕಿಣ್ವಗಳು ಅದೇ ಫಾಸ್ಫೇಟನ್ನು ಸದಾ ಕಿತ್ತುಹಾಕುತ್ತಲೇ ಇರುತ್ತವೆ. ಬ್ಲಾಟಿನಲ್ಲಿ ಕಾಣುವುದು ಈ ಅಂಟಿಸುವುದು ಮತ್ತು ಕೀಳುವುದರ ನಡುವೆ ಆ ಕ್ಷಣಕ್ಕೆ ಉಳಿದ ಬಾಕಿ ಲೆಕ್ಕ.

ಈ ಒಂದು ದಾರಿ ಕೆಟ್ಟರೆ ಬರುವ ಕಾಯಿಲೆಗಳ ಪಟ್ಟಿ ಉದ್ದವಿದೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ರಾಫಿನ ಒಂದು ಬಗೆಯಾದ ಬಿರಾಫಿನ ಜೀನ್ ಕೆಟ್ಟಿರುತ್ತದೆ. ಹುಟ್ಟಿನಿಂದಲೇ ಬರುವ ನೂನನ್ ಸಿಂಡ್ರೋಮಿನಲ್ಲಿ ಕುಳ್ಳು ಮೈಕಟ್ಟು, ಹೃದಯದ ಪಲ್ಮನರಿ ಕವಾಟ ಕಿರಿದಾಗಿರುವುದು, ಅಗಲ ಅಂತರದ ಕಣ್ಣು ಕಾಣಿಸುತ್ತವೆ. ಅದರಲ್ಲಿ ಅರ್ಧದಷ್ಟು ಮಂದಿಗೆ ಪಿಟಿಪಿಎನ್11 ಜೀನಿನಲ್ಲಿ ದೋಷವಿರುತ್ತದೆ ಎಂಬುದು 2001ರಿಂದ ಗೊತ್ತು. ಕಾಸ್ಟೆಲ್ಲೋ ಸಿಂಡ್ರೋಮಿಗೆ ರಾಸಿನ ಒಂದು ಬಗೆಯಾದ ಎಚ್-ರಾಸ್ ಕಾರಣ. ನ್ಯೂರೋಫೈಬ್ರೊಮಟೋಸಿಸ್ 1ರಲ್ಲಿ ರಾಸನ್ನು ಮಲಗಿಸುವ ಪ್ರೋಟೀನೇ ಕೈಬಿಡುತ್ತದೆ. ಕ್ಯಾನ್ಸರಿನಲ್ಲಿ ಸರಪಳಿ ಜೋರಾಗಿ ಕೂಗುತ್ತದೆ. ಬೆಳವಣಿಗೆಯ ಕಾಯಿಲೆಗಳಲ್ಲಿ ಬಹುಪಾಲು ಪಿಸುಗುಟ್ಟುತ್ತದೆ. ಕೂಗನ್ನು ಯಾರು ಬೇಕಾದರೂ ಅಳೆಯಬಹುದು. ಪಿಸುಮಾತು ಅಳೆಯಲು ಹೊರಟವರು ಪ್ಲೇಟನ್ನು ಎತ್ತುವ ರೀತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಕೆಲಸ ಶುರುವಾಗುವುದು ಎರಡು ದಿನ ಮೊದಲು. ಆರು ಗುಳಿಯ ಪ್ಲೇಟಿನಲ್ಲಿ ಪ್ರತಿ ಗುಳಿಗೂ 3 ಲಕ್ಷದಷ್ಟು ಹೀಲಾ (ಪ್ರಯೋಗಾಲಯದಲ್ಲಿ ಬೆಳೆಸುವ ಮನುಷ್ಯನ) ಕೋಶ ಹಾಕುತ್ತೇವೆ. ಸಿಗ್ನಲ್ ನೋಡುವ ಹೊತ್ತಿಗೆ ತಳ ಮುಕ್ಕಾಲು ತುಂಬಿರಬೇಕು. ಪೂರ್ತಿ ತುಂಬಿ ಒತ್ತೊತ್ತಾದ ಕೋಶಗಳೂ ಚೆಲ್ಲಾಪಿಲ್ಲಿ ಕೂತ ಕೋಶಗಳೂ ಒಂದೇ ರೀತಿ ಉತ್ತರಿಸುವುದಿಲ್ಲ. ಸಾಮಾನ್ಯ ಕೋಶದ ಜೊತೆ ಹೋಲಿಸುವ, ಜೀನ್ ಬದಲಾದ ರೂಪಾಂತರದ ಕೋಶ ನಿಧಾನವಾಗಿ ಬೆಳೆಯುವುದಾದರೆ ಎರಡು ಪ್ಲೇಟಿಗೂ ಒಂದೇ ಸಂಖ್ಯೆ ಹಾಕಿದರೆ ಸಾಲದು, ಕೊನೆಯ ದಿನ ಎರಡರ ಸಾಂದ್ರತೆ ಸಮ ಬರುವಂತೆ ಹಾಕಬೇಕು. ಇಲ್ಲದಿದ್ದರೆ ಜೀನಿನ ಪರಿಣಾಮ ಎಂದುಕೊಂಡು ಅಳೆಯುವುದು ಕೋಶಗಳ ಜನಸಂದಣಿಯನ್ನು.

ಮರುದಿನ ಸಂಜೆ, ಕೋಶಗಳನ್ನು ಬೆಳೆಸುವ ದ್ರವವಾದ ಮೀಡಿಯಂನಲ್ಲಿರುವ ಸೀರಂ (ರಕ್ತದ ತಿಳಿ) ಬಿಡಿಸುತ್ತೇವೆ. ಸೀರಂ ತುಂಬ ಬೆಳವಣಿಗೆಯ ಅಂಶಗಳೇ ಇರುವುದರಿಂದ ಅದಿದ್ದರೆ ಎರ್ಕ್ ಮೊದಲೇ ಅರೆಎಚ್ಚರದಲ್ಲಿರುತ್ತದೆ. 10 ಶೇಕಡ ಸೀರಂ ಇದ್ದ ಮೀಡಿಯಂ ತೆಗೆದು, ಎರಡು ಸಲ ಬೆಚ್ಚಗಿನ ಸೀರಂರಹಿತ ಮೀಡಿಯಂನಲ್ಲಿ ತೊಳೆದು, 12ರಿಂದ 16 ಗಂಟೆ ಹಾಗೇ ಬಿಡುವುದು. ಕೆಲವು ಕೋಶಗಳು ಪೂರ್ತಿ ಉಪವಾಸ ತಡೆಯುವುದಿಲ್ಲ, ದುಂಡಗಾಗಿ ತಳ ಬಿಡುತ್ತವೆ; ಅವಕ್ಕೆ 0.1ರಿಂದ 0.5 ಶೇಕಡ ಸೀರಂ ಉಳಿಸುವುದುಂಟು. ಸಾಯುತ್ತಿರುವ ಕೋಶ ಒತ್ತಡದ ಸಿಗ್ನಲ್ ಕಳಿಸುತ್ತದೆ, ಆಮೇಲೆ ಶೂನ್ಯ ನಿಮಿಷದ ಬ್ಯಾಂಡೇ ದಪ್ಪಗೆ ನಿಂತಿರುತ್ತದೆ. ಬಿರಾಫ್ ಕೆಟ್ಟ ಮೆಲನೋಮಾ ಕೋಶವಾದರೆ ಉಪವಾಸದಿಂದ ಏನೂ ಇಳಿಯುವುದಿಲ್ಲ. ಅಲ್ಲಿ ಸರಪಳಿಗೆ ಹೊರಗಿನ ಸಂದೇಶವೇ ಬೇಕಿಲ್ಲ.

ಎರ್ಕನ್ನು ಎಬ್ಬಿಸಲು ಕೊಡುವ ಬೆಳವಣಿಗೆಯ ಅಂಶವಾದ ಇಜಿಎಫ್ ಪುಡಿಯನ್ನು ಮಿಲಿಗೆ 100 ಮೈಕ್ರೋಗ್ರಾಂ ಬರುವಂತೆ ಕರಗಿಸಿ, 0.1 ಶೇಕಡ ಬಿಎಸ್ಎ ಎಂಬ ಪ್ರೋಟೀನ್ ಸೇರಿಸಿ, ಚಿಕ್ಕ ಚಿಕ್ಕ ಟ್ಯೂಬುಗಳಲ್ಲಿ ಹಂಚಿ ಫ್ರೀಜರಿನಲ್ಲಿಡುತ್ತೇವೆ. ಬಿಎಸ್ಎ ಹಾಕುವುದು ಉಪಚಾರಕ್ಕಲ್ಲ. ಅಷ್ಟು ತೆಳುವಾದ ಪ್ರೋಟೀನ್ ಪ್ಲಾಸ್ಟಿಕ್ ಗೋಡೆಗೇ ಅಂಟಿಕೊಂಡುಬಿಡುತ್ತದೆ, ಪಿಪೆಟಿಗೆ ಬರುವುದು ಬರೀ ನೀರು. ಒಮ್ಮೆ ಕರಗಿಸಿದ ಟ್ಯೂಬನ್ನು ಮತ್ತೆ ಹೆಪ್ಪುಗಟ್ಟಿಸುವ ಜಿಪುಣತನ ಬೇಡ.

ಪ್ರಮಾಣದ ವಿಷಯದಲ್ಲಿ ಒಂದು ಮಾತು. ಹಳೆಯ ಪ್ರೋಟೋಕಾಲುಗಳಲ್ಲಿ ಮಿಲಿಗೆ 100 ನ್ಯಾನೋಗ್ರಾಂ ಎಂದು ಬರೆದಿರುತ್ತದೆ, ಎಲ್ಲರೂ ಅದನ್ನೇ ಕಣ್ಣುಮುಚ್ಚಿ ಹಾಕುತ್ತಾರೆ. ಬ್ಯಾಂಡ್ ಬರುತ್ತದೆಯೇ ಎಂದು ನೋಡಲು ಅದು ಸರಿ. ಒಂದು ರೂಪಾಂತರ ಸಿಗ್ನಲನ್ನು ತುಸು ಏರಿಸುತ್ತದೆಯೇ ಎಂದು ಕೇಳುವಾಗ ಅದೇ ಪ್ರಮಾಣ ಶತ್ರು: ಎಲ್ಲ ಗುಳಿಯೂ ಛಾವಣಿಗೆ ತಾಗಿ ನಿಂತಿರುವಾಗ ಯಾರು ಎತ್ತರ ಎಂದು ಹೇಗೆ ಹೇಳುವುದು? 1, 5, 10, 50 ನ್ಯಾನೋಗ್ರಾಂಗಳಲ್ಲಿ ಮೊದಲು ಒಂದು ಡೋಸ್ ಕರ್ವ್ ಮಾಡಿ, ಏರುತ್ತಿರುವ ಇಳಿಜಾರಿನ ನಡುವೆ ಎಲ್ಲೋ ಒಂದು ಪ್ರಮಾಣ ಆಯ್ದುಕೊಳ್ಳಬೇಕು.

ಈಗ ಆ ಎರಡು-ಮೂರು ನಿಮಿಷ. ಮೀಡಿಯಂ ಬದಲಿಸುವುದರಿಂದಲೇ ಎರ್ಕ್ ಹೊತ್ತಿಕೊಳ್ಳಬಹುದು. ದ್ರವ ಹರಿಯುವ ಎಳೆತ, ತಂಪು, ಹೊಸ ಮೀಡಿಯಂನ ಪೋಷಕಾಂಶ, ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಏರುವ ಪಿಎಚ್, ಎಲ್ಲವೂ ಕೋಶಕ್ಕೆ ಸುದ್ದಿಯೇ. ಆದ್ದರಿಂದ ಇಜಿಎಫ್ ಇರುವ ಹೊಸ ಮೀಡಿಯಂ ಸುರಿಯುವುದಿಲ್ಲ. ಗುಳಿಯಲ್ಲಿ 1.8 ಮಿಲಿ ಹಳೆಯ ಮೀಡಿಯಂ ಹಾಗೇ ಇರುತ್ತದೆ. ಇಜಿಎಫನ್ನು ಹತ್ತು ಪಟ್ಟು ಗಾಢವಾಗಿ, ಅದೇ ದಿನದ ಇನ್ನೊಂದು ಗುಳಿಯಿಂದ ತೆಗೆದ ಬೆಚ್ಚಗಿನ ಮೀಡಿಯಂನಲ್ಲಿ ಬೆರೆಸಿ, 200 ಮೈಕ್ರೋಲೀಟರ್ ಅಂಚಿನಿಂದ ನಿಧಾನ ಬಿಡುತ್ತೇವೆ, ಪ್ಲೇಟನ್ನು ಎರಡು ಸಲ ಮೆಲ್ಲಗೆ ಓಲಾಡಿಸುತ್ತೇವೆ. ಇಜಿಎಫ್ ಇಲ್ಲದ 200 ಮೈಕ್ರೋಲೀಟರನ್ನು ಅದೇ ಕೈಯಲ್ಲಿ ಅದೇ ರೀತಿ ಪಡೆದ ಗುಳಿಯೇ ನಿಜವಾದ ಕಂಟ್ರೋಲ್. ಮುಟ್ಟದೆ ಬಿಟ್ಟ ಗುಳಿ ಕಂಟ್ರೋಲ್ ಅಲ್ಲ. ಇವೆರಡನ್ನೂ ಪಕ್ಕಪಕ್ಕ ಓಡಿಸಿ ನೋಡಿದರೆ ನಮ್ಮ ಕೈ ಎಷ್ಟು ಒರಟು ಎಂಬುದು ಬ್ಯಾಂಡಿನಲ್ಲೇ ತಿಳಿಯುತ್ತದೆ.

0, 2, 5, 10, 30, 60 ನಿಮಿಷದ ಓಟವನ್ನು ಹಿಂದುಮುಂದಾಗಿ ಮಾಡುವುದು ಜಾಣತನ. 60 ನಿಮಿಷದ ಗುಳಿಗೆ ಮೊದಲು ಇಜಿಎಫ್, ಅರ್ಧ ಗಂಟೆ ಬಿಟ್ಟು 30ರ ಗುಳಿಗೆ, ಹೀಗೆ ಇಳಿಯುತ್ತ ಬಂದು ಎಲ್ಲ ಗುಳಿಗಳನ್ನೂ ಒಂದೇ ಹೊತ್ತಿಗೆ ಕೊಯ್ಲು ಮಾಡುವುದು. ಆಗ ಉಪವಾಸದ ಒಟ್ಟು ಅವಧಿ ಎಲ್ಲಕ್ಕೂ ಒಂದೇ, ಐಸ್ ಮೇಲೆ ಕೂತ ಅವಧಿಯೂ ಒಂದೇ. ಒಂದು ಇಕ್ಕಟ್ಟು ಉಳಿಯುತ್ತದೆ: ಪ್ರತಿ ಸಲ ಪ್ಲೇಟು ಹೊರತೆಗೆದಾಗ 60ರ ಗುಳಿಗೂ ತಂಪು ತಾಗುತ್ತದೆ. 2 ಮತ್ತು 5 ನಿಮಿಷದವುಗಳನ್ನು ಬೇರೆ ಪ್ಲೇಟಿನಲ್ಲಿಟ್ಟರೆ ಇದು ತಪ್ಪುತ್ತದೆ, ಮತ್ತು ಆ ಪ್ಲೇಟಿಗೂ ಅದರದ್ದೇ ಶೂನ್ಯದ ಗುಳಿ ಬೇಕು.

ಹೀಲಾದಲ್ಲಿ 5 ನಿಮಿಷದ ಆಸುಪಾಸಿನಲ್ಲಿ ಶಿಖರ, ಗಂಟೆಯೊಳಗೆ ಬಹುಮಟ್ಟಿಗೆ ಇಳಿತ. ಬಹಳ ಜನ ಈ ಶಿಖರವನ್ನಷ್ಟೇ ಅಳೆದು ಮುಗಿಸುತ್ತಾರೆ, ನನಗಂತೂ ಇದು ಈ ಕ್ಷೇತ್ರದ ಅತಿ ದುಬಾರಿ ಸೋಮಾರಿತನ ಅನ್ನಿಸುತ್ತದೆ. ಇಲಿಯ ಅಡ್ರಿನಲ್ ಗೆಡ್ಡೆಯಿಂದ 1976ರಲ್ಲಿ ಬೆಳೆಸಿದ ಪಿಸಿ12 ಕೋಶಗಳು ಕಲಿಸಿದ ಪಾಠ ಇದೇ ಅಲ್ಲವೇ? ಅವಕ್ಕೆ ಇಜಿಎಫ್ ಕೊಟ್ಟರೆ ಎರ್ಕ್ ಏರಿ ಬೇಗ ಇಳಿಯುತ್ತದೆ, ಕೋಶ ವಿಭಜನೆಗೆ ಹೋಗುತ್ತದೆ. ನರದ ಬೆಳವಣಿಗೆಯ ಅಂಶವಾದ ಎನ್‌ಜಿಎಫ್ ಕೊಟ್ಟರೆ ಎರ್ಕ್ ಗಂಟೆಗಟ್ಟಲೆ ಏರಿಯೇ ಇರುತ್ತದೆ, ಕೋಶ ವಿಭಜನೆ ನಿಲ್ಲಿಸಿ ನರಕೋಶದಂತೆ ಬಾಲ ಚಾಚುತ್ತದೆ. 5ನೆಯ ನಿಮಿಷದಲ್ಲಿ ಎರಡರ ಬ್ಯಾಂಡೂ ಒಂದೇ ಥರ ಕಾಣಬಹುದು. ಎಷ್ಟು ಜೋರು ಎಂಬುದಕ್ಕಿಂತ ಎಷ್ಟು ಹೊತ್ತು ಎಂಬುದೇ ಅಲ್ಲಿ ಕೋಶದ ಪಾಡನ್ನು ನಿರ್ಧರಿಸುತ್ತದೆ. ನೂನನ್ನಿನ ಕೆಲವು ಪಿಟಿಪಿಎನ್11 ರೂಪಾಂತರಗಳಲ್ಲೂ ಕಂಡದ್ದು ಇದೇ ಜಾತಿಯದು: ಶಿಖರ ಹೆಚ್ಚೇನೂ ಏರುವುದಿಲ್ಲ, ಇಳಿಯುವುದು ತಡವಾಗುತ್ತದೆ. 5 ನಿಮಿಷಕ್ಕೆ ನಿಲ್ಲಿಸಿದವರಿಗೆ ಆ ಕಾಯಿಲೆಯೇ ಕಾಣುವುದಿಲ್ಲ.

ಕೊಯ್ಲಿನ ಹೊತ್ತಿಗೆ ಪ್ಲೇಟು ನೇರ ಐಸ್ ಮೇಲೆ, ಅದೂ ನೀರು ಬೆರೆತ ಐಸ್. ನೀರು ಬೆರೆಯದ ಐಸಿನ ಚೂರುಗಳ ಮೇಲೆ ಪ್ಲೇಟಿನ ತಳ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರಿದ್ದರೆ ಇಡೀ ತಳ ಒಮ್ಮೆಗೇ ತಂಪಾಗುತ್ತದೆ. ಮೀಡಿಯಂ ಎಳೆದುಹಾಕಿ, ತಣ್ಣನೆಯ ಪಿಬಿಎಸ್ ಉಪ್ಪುದ್ರಾವಣದಲ್ಲಿ ಒಮ್ಮೆ ತೊಳೆದು, ಕೊನೆಯ ಹನಿಯನ್ನೂ ಪ್ಲೇಟು ವಾಲಿಸಿ ತೆಗೆದು, 150 ಮೈಕ್ರೋಲೀಟರ್ ರೀಪಾ ಎಂಬ ಲೈಸಿಸ್ ಬಫರ್. ರೀಪಾದಲ್ಲಿ 50 ಮಿಲಿಮೋಲಾರ್ ಟ್ರಿಸ್, 150 ಮಿಲಿಮೋಲಾರ್ ಉಪ್ಪು, 1 ಶೇಕಡ ಎನ್‌ಪಿ-40, 0.5 ಶೇಕಡ ಸೋಡಿಯಂ ಡೀಆಕ್ಸಿಕೋಲೇಟ್, 0.1 ಶೇಕಡ ಎಸ್‌ಡಿಎಸ್. ಇದು ತಿಂಗಳುಗಟ್ಟಲೆ ಫ್ರಿಜ್ಜಿನಲ್ಲಿರಬಹುದು. ಇದಕ್ಕೆ ಬೆರೆಸುವ ತಡೆಗಳು ಮಾತ್ರ ಅದೇ ಹೊತ್ತಿನವು: ಫಾಸ್ಫಟೇಸ್‌ಗಳಿಗೆ 10 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್, 10 ಮಿಲಿಮೋಲಾರ್ ಬೀಟಾ-ಗ್ಲಿಸರೋಫಾಸ್ಫೇಟ್, 1 ಮಿಲಿಮೋಲಾರ್ ಸೋಡಿಯಂ ಆರ್ಥೋವನಡೇಟ್, ಪ್ರೋಟೀನ್ ಕತ್ತರಿಸುವ ಕಿಣ್ವಗಳಿಗೆ 1 ಮಿಲಿಮೋಲಾರ್ ಪಿಎಂಎಸ್ಎಫ್. ಪಿಎಂಎಸ್ಎಫ್ ನೀರಿನಲ್ಲಿ ಬೇಗ ಒಡೆದುಹೋಗುತ್ತದೆ, ಬೆಳಿಗ್ಗೆ ಬೆರೆಸಿ ಮಧ್ಯಾಹ್ನ ಬಳಸಿದರೆ ಬೆರೆಸದಿದ್ದ ಹಾಗೆಯೇ.

ವನಡೇಟಿನ ಕಥೆ ಸ್ವಲ್ಪ ದೊಡ್ಡದು, ಯಾಕೆಂದರೆ ಇದನ್ನು ಅರ್ಧಂಬರ್ಧ ಮಾಡುವವರೇ ಹೆಚ್ಚು. ಪುಡಿಯನ್ನು ನೀರಿನಲ್ಲಿ ಕರಗಿಸಿದರೆ ಅಣುಗಳು ಒಂದಕ್ಕೊಂದು ಕೊಂಡಿಹಾಕಿಕೊಂಡು ಗುಂಪಾಗುತ್ತವೆ, ಆ ಗುಂಪುಗಳಿಗೆ ಟೈರೋಸಿನ್ ಫಾಸ್ಫಟೇಸನ್ನು ಸರಿಯಾಗಿ ತಡೆಯಲಾಗದು. 200 ಮಿಲಿಮೋಲಾರ್ ದ್ರಾವಣ ಮಾಡಿ ಪಿಎಚ್ 10ಕ್ಕೆ ತಂದಾಗ ಹಳದಿ ಬಣ್ಣ ಕಂಡರೆ ಅದೇ ಆ ಗುಂಪುಗಳ ಗುರುತು. ಬಣ್ಣ ಹೋಗುವ ತನಕ ಕುದಿಸಿ, ತಣಿಸಿ, ಮತ್ತೆ ಪಿಎಚ್ ನೋಡಿ 10ಕ್ಕೆ ತಂದು, ಮತ್ತೆ ಹಳದಿಯಾದರೆ ಮತ್ತೆ ಕುದಿಸಿ, ಪಿಎಚ್ 10ರಲ್ಲೇ ನಿಂತು ನೀರಿನಂತೆ ತಿಳಿಯಾಗಿ ಉಳಿಯುವವರೆಗೆ ಇದೇ ಸುತ್ತು. ಆಮೇಲೆ ಹಂಚಿ ಫ್ರೀಜರಿಗೆ. ಇಷ್ಟೆಲ್ಲ ಮಾಡಿ ಬಫರಿನಲ್ಲಿ ಇಡಿಟಿಎ ಅಥವಾ ಡಿಟಿಟಿ ಇಟ್ಟುಕೊಂಡರೆ ಶ್ರಮ ಮಣ್ಣುಪಾಲು: ಇಡಿಟಿಎ ವನಡೇಟನ್ನು ಹಿಡಿದುಕೊಂಡುಬಿಡುತ್ತದೆ, ಡಿಟಿಟಿ ಅದನ್ನು ಅಪಕರ್ಷಿಸುತ್ತದೆ. ಅಂಗಡಿಯ ಪ್ರೋಟಿಯೇಸ್ ತಡೆಮಾತ್ರೆಗಳು ಇಡಿಟಿಎ ಇರುವುದು, ಇಲ್ಲದ್ದು ಎಂದು ಎರಡು ಬಗೆಯಲ್ಲಿ ಸಿಗುತ್ತವೆ. ಡಬ್ಬಿಯ ಮೇಲಿನ ಆ ಸಣ್ಣ ಅಕ್ಷರ ಓದಬೇಕು.

ಇನ್ನೂ ಖಾತ್ರಿ ಬೇಕಾದವರು ರೀಪಾ ಬಿಟ್ಟು, ಡಿಟಿಟಿಯಾಗಲಿ ನೀಲಿ ಬಣ್ಣವಾಗಲಿ ಹಾಕದ 1 ಶೇಕಡ ಎಸ್‌ಡಿಎಸ್ ಬಫರನ್ನು ಕುದಿಬಿಸಿಯಲ್ಲೇ ಕೋಶಗಳ ಮೇಲೆ ಸುರಿಯುತ್ತಾರೆ. ಕ್ಷಣದಲ್ಲಿ ಎಲ್ಲ ಕಿಣ್ವವೂ ಸತ್ತುಹೋಗುತ್ತದೆ. ಬದಲಿಗೆ ಡಿಎನ್ಎ ಬಿಚ್ಚಿಕೊಂಡು ಲೋಳೆಯಂತಾಗುತ್ತದೆ. 25 ಗೇಜಿನ ಸೂಜಿಯಲ್ಲಿ ಹತ್ತಾರು ಸಲ ಎಳೆದು ಬಿಟ್ಟು, ಇಲ್ಲವೇ ಸೋನಿಕೇಟ್ ಮಾಡಿ ಅದನ್ನು ಒಡೆಯಬೇಕು. ಇಲ್ಲವಾದರೆ ಜೆಲ್ಲಿನ ಗುಳಿಗೆ ಇಳಿಯದೆ ಪಿಪೆಟಿನ ತುದಿಯ ಹಿಂದೆಯೇ ಎದ್ದು ಬರುತ್ತದೆ. ನನ್ನ ಮತ ಈ ದಾರಿಗೇ. ಮುಂದೆ ಹೇಳುವ ಮೀನಿನ ಭ್ರೂಣಗಳಿಗಂತೂ ಇದೇ ಸರಿ.

ಪ್ರೋಟೀನ್ ಪ್ರಮಾಣ ಅಳೆಯಲು ಬಿಸಿಎ ಪರೀಕ್ಷೆ. ಇನ್ನೊಂದು ಪರೀಕ್ಷೆಯಾದ ಬ್ರಾಡ್‌ಫರ್ಡ್ ಡಿಟರ್ಜೆಂಟಿಗೆ ಮುನಿಯುತ್ತದೆ, ಬಿಸಿಎ ಡಿಟಿಟಿಗೆ ಮುನಿಯುತ್ತದೆ. ಹಾಗಾಗಿ ಡಿಟಿಟಿ ಮತ್ತು ನೀಲಿ ಬಣ್ಣ ಅಳತೆ ಮುಗಿದ ಮೇಲೆ. ಲೇನಿಗೆ 20 ಮೈಕ್ರೋಗ್ರಾಂ, 95 ಡಿಗ್ರಿಯಲ್ಲಿ 5 ನಿಮಿಷ, 10 ಶೇಕಡ ಜೆಲ್. ಎರ್ಕ್1 44 ಕಿಲೋಡಾಲ್ಟನ್, ಎರ್ಕ್2 42. ನಡುವೆ ಎರಡೇ ಕಿಲೋಡಾಲ್ಟನ್ ಅಂತರ, ಆದ್ದರಿಂದ ನೀಲಿ ಗೆರೆ ತಳ ಮುಟ್ಟಿತೆಂದು ನಿಲ್ಲಿಸದೆ 37ರ ಮಾರ್ಕರ್ ಕೆಳಗಿನ ಕಾಲುಭಾಗಕ್ಕೆ ಇಳಿಯುವ ತನಕ ಓಡಿಸಿದರೆ ಎರಡು ಬ್ಯಾಂಡ್ ಬೇರೆಬೇರೆ ಕಾಣುತ್ತವೆ. ಮೆಂಬ್ರೇನಿಗೆ ವರ್ಗಾಯಿಸುವುದರಲ್ಲಿ ಈ ಗಾತ್ರದ ಪ್ರೋಟೀನ್ ಯಾರನ್ನೂ ಸತಾಯಿಸುವುದಿಲ್ಲ: ಪಿವಿಡಿಎಫ್ ಮೆಂಬ್ರೇನನ್ನು ಮೆಥನಾಲಿನಲ್ಲಿ ಅದ್ದಿ, 100 ವೋಲ್ಟಿನಲ್ಲಿ ತಂಪಾಗಿ ಒಂದು ಗಂಟೆ, ನಡುವೆ ಗುಳ್ಳೆ ಉಳಿಯದಂತೆ ರೋಲರ್ ಆಡಿಸಿದರೆ ಸಾಕು.

ಬ್ಲಾಕ್ ಮಾಡಲು, ಅಂದರೆ ಮೆಂಬ್ರೇನಿನ ಖಾಲಿ ಜಾಗ ಮುಚ್ಚಲು, ಹಾಲಿನ ಪುಡಿ ಬದಲು 5 ಶೇಕಡ ಬಿಎಸ್ಎ. ಹಾಲಿನ ಕೇಸೀನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನ್, ಕೆಲವು ಫಾಸ್ಫೋ ಆಂಟಿಬಾಡಿಗಳು ಅದಕ್ಕೂ ಅಂಟಿ ಹಿನ್ನೆಲೆಯನ್ನೆಲ್ಲ ಕಪ್ಪಾಗಿಸುತ್ತವೆ. ತೊಳೆಯಲು ಟಿಬಿಎಸ್‌ಟಿ ಬಫರ್. ಫಾಸ್ಫೋ-ಎರ್ಕನ್ನು ಹಿಡಿಯುವ ಪ್ರೈಮರಿ ಆಂಟಿಬಾಡಿ 1:2000ರಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ. ಮತ್ತೆ ಬಳಸಲೆಂದು ಕೆಡದಂತೆ ಸೋಡಿಯಂ ಅಜೈಡ್ ಹಾಕಿಟ್ಟ ಆಂಟಿಬಾಡಿ ದ್ರಾವಣ ಪರವಾಗಿಲ್ಲ, ಆದರೆ ಪ್ರೈಮರಿಯನ್ನು ಹಿಡಿಯುವ, ಬೆಳಕು ಹೊರಡಿಸುವ ಎಚ್‌ಆರ್‌ಪಿ ಕಿಣ್ವ ಜೋಡಿಸಿದ ಸೆಕೆಂಡರಿ ಆಂಟಿಬಾಡಿಗೆ ಅಜೈಡ್ ತಾಗಿದರೆ ಆ ಕಿಣ್ವವೇ ಸತ್ತು ಬ್ಲಾಟ್ ಬಿಳಿಯಾಗಿ ಬರುತ್ತದೆ.

ಬ್ಯಾಂಡಿನ ನಡುಭಾಗ ಬಿಳಿಯಾಗಿ ಅಂಚು ಮಾತ್ರ ಕಪ್ಪಗಿದ್ದರೆ ಸಿಗ್ನಲ್ ಕಡಿಮೆಯಾಗಿದೆ ಎಂದು ತಿಳಿಯಬಾರದು. ಅಲ್ಲಿ ಎಚ್‌ಆರ್‌ಪಿ ವಿಪರೀತವಾಗಿ ಸಬ್‌ಸ್ಟ್ರೇಟನ್ನು ಚಿತ್ರ ತೆಗೆಯುವ ಮೊದಲೇ ಉರಿಸಿ ಮುಗಿಸಿದೆ. ಸೆಕೆಂಡರಿ ಇನ್ನಷ್ಟು ತೆಳುವಾಗಬೇಕು. ಅಳೆಯುವ ಮುನ್ನ ಒಂದೇ ಲೈಸೇಟನ್ನು 5, 10, 20, 40 ಮೈಕ್ರೋಗ್ರಾಂ ಹಾಕಿ ನೋಡುವುದು ಬಿಡಬಾರದು. 40ರ ಬ್ಯಾಂಡ್ 20ರ ಎರಡರಷ್ಟು ಬರದಿದ್ದರೆ ಅಲ್ಲಿಂದ ಮೇಲಿನ ಸಂಖ್ಯೆಗಳಿಗೆ ಅರ್ಥವಿಲ್ಲ.

ಫಾಸ್ಫೋ ಎರ್ಕನ್ನು ಒಟ್ಟು ಎರ್ಕಿನಿಂದ ಭಾಗಿಸಬೇಕು; ಹೋಲಿಕೆಗೆ ಸಾಮಾನ್ಯವಾಗಿ ಬಳಸುವ ಆಕ್ಟಿನ್ ಪ್ರೋಟೀನ್ ಸಾಲದು. ರೂಪಾಂತರದ ಕೋಶದಲ್ಲಿ ಎರ್ಕ್ ಪ್ರೋಟೀನೇ ಹೆಚ್ಚಿದ್ದರೆ ಆಕ್ಟಿನ್ ಅದನ್ನು ಹೇಳುವುದಿಲ್ಲ. ಒಂದೇ ಮೆಂಬ್ರೇನನ್ನು ಸ್ಟ್ರಿಪ್ ಮಾಡಿ, ಅಂದರೆ ಮೊದಲ ಆಂಟಿಬಾಡಿ ತೊಳೆದುಹಾಕಿ, ಎರಡನೆಯ ಸಲ ಓದುವುದಾದರೆ ಫಾಸ್ಫೋ ಮೊದಲು, ಒಟ್ಟು ಆಮೇಲೆ. ಸ್ಟ್ರಿಪ್ ಮಾಡುವಾಗ ಪ್ರೋಟೀನೂ ಒಂದಿಷ್ಟು ತೊಳೆದುಹೋಗುತ್ತದೆ. ಮೊಲದ ಫಾಸ್ಫೋ ಆಂಟಿಬಾಡಿ, ಇಲಿಯ ಒಟ್ಟು ಆಂಟಿಬಾಡಿ ಹಾಕಿ ಎರಡು ಬಣ್ಣದ ಫ್ಲೋರೆಸೆನ್ಸಿನಲ್ಲಿ ಒಟ್ಟಿಗೇ ಓದಿದರೆ ಈ ತಲೆನೋವೇ ಇಲ್ಲ.

ಪ್ರತಿ ಜೆಲ್ಲಿನಲ್ಲೂ ಮೆಕ್ ತಡೆ ಕೊಟ್ಟ ಒಂದು ಲೇನ್ ಇರಲಿ. 10 ಮೈಕ್ರೋಮೋಲಾರ್ ಯು0126 ಅರ್ಧ ಗಂಟೆ ಮೊದಲು ಕೊಟ್ಟರೆ ಬ್ಯಾಂಡ್ ಮಾಯವಾಗಬೇಕು, ಆಗದಿದ್ದರೆ ಕಾಣುತ್ತಿರುವುದು ಎರ್ಕಿನ ಫಾಸ್ಫೇಟ್ ಅಲ್ಲ. ಆ ಲೇನಿನಲ್ಲೇ ಫಾಸ್ಫೋ-ಮೆಕ್ ನೋಡಿದರೆ ಅದು ಏರಿರುವುದುಂಟು. ಹೊಸಬರು ಇದನ್ನು ಲೇಬಲ್ ಅದಲುಬದಲಾದ ತಪ್ಪೆಂದು ಬಿಸಾಡುತ್ತಾರೆ. ಎರ್ಕ್ ಚುರುಕಾಗಿದ್ದಾಗ ಹಿಂದಕ್ಕೆ ಹೋಗಿ ರಾಫನ್ನು ತಗ್ಗಿಸುತ್ತಿರುತ್ತದೆ. ಎರ್ಕ್ ಮಲಗಿದರೆ ಆ ಕಡಿವಾಣ ಸಡಿಲವಾಗಿ ಮೇಲಿನ ಕೊಂಡಿಗಳು ಇನ್ನೂ ಜೋರಾಗುತ್ತವೆ. ಬಿರಾಫ್ ತಡೆಗಳಲ್ಲಿ ಇದಕ್ಕಿಂತ ವಿಚಿತ್ರ ಇದೆ. 2011ರಲ್ಲಿ ಮೆಲನೋಮಾಕ್ಕೆ ಅನುಮತಿ ಪಡೆದ ವೆಮುರಾಫೆನಿಬ್, ಬಿರಾಫ್ ಕೆಟ್ಟ ಕೋಶದಲ್ಲಿ ಎರ್ಕನ್ನು ಆರಿಸುತ್ತದೆ, ಬಿರಾಫ್ ಸರಿಯಿದ್ದು ರಾಸ್ ಚುರುಕಾಗಿರುವ ಕೋಶದಲ್ಲಿ ಎರ್ಕನ್ನು ಏರಿಸುತ್ತದೆ. ಕೆಲವು ರೋಗಿಗಳ ಚರ್ಮದಲ್ಲಿ ಬೇರೆ ಗೆಡ್ಡೆ ಹುಟ್ಟಿದ್ದು ಈ ಕಾರಣಕ್ಕೇ. ಔಷಧಿ ಪರೀಕ್ಷಿಸುವವರು ಒಂದೇ ಕೋಶದ ಬಗೆಯಲ್ಲಿ ನೋಡಿ ಮುಗಿಸಿದರೆ ಅರ್ಧ ಸತ್ಯ ಮಾತ್ರ ಸಿಗುತ್ತದೆ.

ಬ್ಲಾಟಿಗೆ ಹೇಳಲಾಗದ್ದೂ ಇದೆ. ಅರ್ಧ ಎತ್ತರದ ಬ್ಯಾಂಡ್ ಎಂದರೆ ಎಲ್ಲ ಕೋಶಗಳೂ ಅರ್ಧ ಎಚ್ಚರವೋ, ಅರ್ಧ ಕೋಶಗಳು ಪೂರ್ತಿ ಎಚ್ಚರವೋ? 1998ರಲ್ಲಿ ಫೆರೆಲ್ ಮತ್ತು ಮಕ್ಲೆಡರ್ ಎಂಬ ಸಂಶೋಧಕರು ಕಪ್ಪೆಯ ಅಂಡಕೋಶಗಳನ್ನು ಒಂದೊಂದಾಗಿ ಓದಿ, ಅಲ್ಲಿ ಉತ್ತರ ಎರಡನೆಯದು ಎಂದು ತೋರಿಸಿದರು. ಅಂಡಕೋಶ ದೊಡ್ಡದು, ಒಂದೇ ಕೋಶದಿಂದ ಬ್ಲಾಟ್ ಮಾಡಬಹುದು. ಹೀಲಾದಂಥವಕ್ಕೆ ಒಂದೊಂದು ಕೋಶದೊಳಗೂ ಹೊಳೆಯುವ ಆಂಟಿಬಾಡಿಯಿಂದ ಗುರುತಿಸುವ ಇಮ್ಯುನೋಫ್ಲೋರೆಸೆನ್ಸ್ ಬೇಕು, ಅಥವಾ ಎರ್ಕ್ ಚುರುಕಾದಾಗ ನ್ಯೂಕ್ಲಿಯಸ್ಸಿನಿಂದ ಹೊರಗೆ ಸರಿಯುವ ಕೆಟಿಆರ್ ಬಗೆಯ ವರದಿಗಾರ ಪ್ರೋಟೀನ್.

ಭ್ರೂಣಕ್ಕೆ ಬಂದರೆ ಇದೇ ಕೆಲಸ ಇನ್ನೊಂದು ಬಗೆಯಲ್ಲಿ ಕಾಡುತ್ತದೆ. ಜೀಬ್ರಾಮೀನಿನ ಮರಿ ಭ್ರೂಣವನ್ನು ನೇರ ಅರೆದು ಜೆಲ್ಲಿಗೆ ಹಾಕಿದರೆ ಕಾಣುವುದು ಭ್ರೂಣದ ಆಹಾರವಾದ ಹಳದಿಯ ಪ್ರೋಟೀನ್ ಮಾತ್ರ. ಲೇನ್ ಉಬ್ಬಿ ಬಾಗುತ್ತದೆ. ಕ್ಯಾಲ್ಸಿಯಂ ಇಲ್ಲದ ರಿಂಗರ್ ದ್ರಾವಣದಲ್ಲಿ ಸಣ್ಣ ತುದಿಯ ಪಿಪೆಟಿನಿಂದ ಕೆಲವು ಸಲ ಎಳೆದು ಬಿಟ್ಟರೆ ಹಳದಿ ಒಡೆದು ಬೇರೆಯಾಗುತ್ತದೆ, ನಿಧಾನಕ್ಕೆ ಸ್ಪಿನ್ ಮಾಡಿ ಮೇಲಿನದನ್ನು ಚೆಲ್ಲಿ ಉಳಿದದ್ದನ್ನು ಬಿಸಿ ಎಸ್‌ಡಿಎಸ್‌ಗೆ. ತಣ್ಣಗೆ, ಬೇಗ, ಮತ್ತು ಎಲ್ಲ ಗುಂಪಿಗೂ ಒಂದೇ ಎಣಿಕೆಯ ಎಳೆತ. ಈ ಹಂತದಲ್ಲಿ ಎರಡು ಗುಂಪುಗಳ ನಡುವೆ ಹತ್ತು ನಿಮಿಷ ಅಂತರವಾದರೆ ಅದೇ ಒಂದು ಫಲಿತಾಂಶವಾಗಿ ಕೂತುಬಿಡುತ್ತದೆ.

ನೂನನ್ ರೂಪಾಂತರದ ಆರ್‌ಎನ್‌ಎ ಚುಚ್ಚಿದ ಭ್ರೂಣ ಫಲಿತವಾಗಿ 11 ಗಂಟೆಯಾಗುವ ಹೊತ್ತಿಗೆ ದುಂಡಗಿರುವ ಬದಲು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಭ್ರೂಣದ ಪದರಗಳು ರೂಪುಗೊಳ್ಳುವ ಗ್ಯಾಸ್ಟ್ರುಲೇಷನ್ನಿನಲ್ಲಿ ಕೋಶಗಳು ನಡುಗೆರೆಯತ್ತ ಸರಿದು ಉದ್ದಕ್ಕೆ ಚಾಚಬೇಕಾದ್ದು ಸರಿಯಾಗಿ ನಡೆದಿರುವುದಿಲ್ಲ. ಉದ್ದ ಅಗಲದ ಅನುಪಾತವೇ ಅಳತೆ. ಈ ಊನ ಸರಿಪಡಿಸಲು ಮೆಕ್ ತಡೆಯನ್ನು ಕಡಿಮೆ ಪ್ರಮಾಣದಲ್ಲಿ, ಗ್ಯಾಸ್ಟ್ರುಲೇಷನ್ ಶುರುವಾಗುವ ಹೊತ್ತಿಗೆ, ಸ್ವಲ್ಪ ಕಾಲ ಮಾತ್ರ ಕೊಡಬೇಕು. ಹೆಚ್ಚು ಹೊತ್ತು ಬಿಟ್ಟರೆ ಎಫ್‌ಜಿಎಫ್ ಎಂಬ ಇನ್ನೊಂದು ಬೆಳವಣಿಗೆಯ ಅಂಶದ ಸಂದೇಶವೂ ಇದೇ ದಾರಿಯಲ್ಲಿ ಹೋಗುವುದರಿಂದ ಬಾಲವೇ ಬೆಳೆಯದೆ ಹೋಗುತ್ತದೆ, ಗುಣಪಡಿಸಲು ಹೋಗಿ ಹೊಸ ಊನ ತಂದಂತೆ. ತಡೆಯನ್ನು ಕರಗಿಸಿದ ಡಿಎಂಎಸ್ಒ 1 ಶೇಕಡ ದಾಟಬಾರದು, ಮತ್ತು ಕಂಟ್ರೋಲಿಗೂ ಅಷ್ಟೇ ಇರಬೇಕು.

ಭ್ರೂಣದಲ್ಲಿ ಎರ್ಕ್ ಎಲ್ಲಿ ಹೊತ್ತಿದೆ ಎಂದು ತಿಳಿಯಬೇಕಾದರೆ ಬಣ್ಣವೇ ಗತಿ. ಭ್ರೂಣಗಳನ್ನು ತಂಪಿನಲ್ಲಿ ಕಾಯಿಸದೆ ನೇರ 4 ಶೇಕಡ ಪ್ಯಾರಾಫಾರ್ಮಾಲ್ಡಿಹೈಡಿಗೆ ಹಾಕಿ ಫಿಕ್ಸ್ ಮಾಡುವುದು, ಅಂದರೆ ಇದ್ದ ಸ್ಥಿತಿಯಲ್ಲೇ ಹಿಡಿದಿಡುವುದು. ಮಿದುಳಿನ ನಡುಭಾಗ ಹಿಂಭಾಗ ಸೇರುವ ಗಡಿಯಲ್ಲಿ ಎಫ್‌ಜಿಎಫ್8 ಇರುವುದರಿಂದ ಸೋಮೈಟ್ (ಬೆನ್ನುದ್ದಕ್ಕೆ ಮೂಡುವ ಖಂಡಗಳು) ಹಂತದಲ್ಲಿ ಅಲ್ಲೊಂದು ಪಟ್ಟಿ ಹೊಳೆಯಬೇಕು. ಎಫ್‌ಜಿಎಫ್ ಗ್ರಾಹಕದ ತಡೆ ಎಸ್‌ಯು5402 ಪಡೆದ ಭ್ರೂಣದಲ್ಲಿ ಅದು ಆರಿರಬೇಕು. ಈ ಎರಡೂ ಬಗೆಯನ್ನು ಬೇರೆ ಟ್ಯೂಬುಗಳಲ್ಲಿ ಬಣ್ಣ ಹಾಕಿ ಹೋಲಿಸುವುದಕ್ಕಿಂತ ಒಂದೇ ಟ್ಯೂಬಿನಲ್ಲಿ, ಒಂದೇ ಆಂಟಿಬಾಡಿಯಲ್ಲಿ ಹಾಕುವುದು ವಾಸಿ. ಗುರುತಿಗೆ ಒಂದು ಗುಂಪಿನ ಬಾಲದ ತುದಿ ಕತ್ತರಿಸುತ್ತೇವೆ. ಅದು ಫಿಕ್ಸ್ ಆದ ಮೇಲೆ. ಜೀವವಿರುವಾಗಲೇ ಕತ್ತರಿಸಿದರೆ ಗಾಯದ ಅಂಚಿನಲ್ಲೇ ಎರ್ಕ್ ಹೊತ್ತಿಕೊಳ್ಳುತ್ತದೆ.